ಪಾಯಿಂಟ್ ಇಲ್ಲದ ಪದ್ಮಿನಿ

ಅಪ್ಪನ ಪ್ರೀಮಿಯರ್ ಪದ್ಮಿನಿಗೆ ಇವತ್ತು ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಕೂರಿಸಿದೆ. ಮಡಿಕೇರಿ ಮಳೆ ಗೊತ್ತಲ್ವಾ? ಅದರ ಮುಚ್ಚಳದೊಳಗಿನ ತೇವ ಈಗಲೂ ಒರೆಸಲೇಬೇಕು, ಆದರೆ ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುತ್ತಿದ್ದ ಪಾಯಿಂಟ್ ಉಜ್ಜುವ ಕೆಲಸ ಇನ್ನಿಲ್ಲ.

ಹಳೆಯದನ್ನು ಬಿಚ್ಚುವ ಮುಂಚೆ ಒಂದನೇ ಸಿಲಿಂಡರಿನ ಪಿಸ್ಟನ್ ಮೇಲಕ್ಕೆ ತಂದು, ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಯಾವ ಕಡೆ ನಿಂತಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಪ್ಲಗ್ ವೈರ್‌ಗಳು ಸಿಲಿಂಡರ್‌ಗಳು ಉರಿಯುವ 1-3-4-2 ಕ್ರಮದಲ್ಲಿ. ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು ಹೊಂದಿಸುವುದು. ಹೊಸದನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದ್ದೇ ತಡ, ಇಂಜಿನ್ ಸದ್ದು ಮೆತ್ತಗಾಯಿತು. ಎಷ್ಟು ಖುಷಿಯಾಯಿತು!

ಬಿಚ್ಚಿದ ಪಾಯಿಂಟ್ ಎಸೆಯಲು ಮನಸ್ಸಾಗಲಿಲ್ಲ. ಅಪ್ಪ ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಕಾರು ಸುಧಾರಿಸಿತು, ಆ ಕೆಲಸ ಮಾತ್ರ ನಮ್ಮ ಮನೆಯಿಂದ ಹೋಯಿತು ಅನ್ನಿಸಿತು.

ಅಮ್ಮನನ್ನು ಕೂರಿಸಿಕೊಂಡು ರಾಜಾಸೀಟ್‌ವರೆಗೆ ಹೋಗಿ ಬಂದೆ. ಎಲ್ಲೂ ಜರ್ಕ್ ಹೊಡೆಯಲಿಲ್ಲ.