ಅಗತ್ತಿಯ ತಿಳಿನೀರಿಗೆ ಇಳಿಯುವ ಮೊದಲು: ಮಂಡ್ಯ, ಮೈಸೂರಿನಿಂದ ಹೊರಡುವವರಿಗೆ

ಲಕ್ಷದ್ವೀಪದ ಅಗತ್ತಿ ದ್ವೀಪದ ಜೆಟ್ಟಿಯಲ್ಲಿ ದೋಣಿ ಹತ್ತಲು ನಿಂತಿದ್ದ ನಮ್ಮ ಪರವಾನಗಿ ಪತ್ರವನ್ನು ಓದಿದ ದೋಣಿಯವರು, ಅದರಲ್ಲಿ ಅಗತ್ತಿಯ ಹೆಸರೊಂದೇ ಇದೆಯೆಂದೂ, ಬಂಗಾರಂ ಮತ್ತು ತಿಣ್ಣಕರ ದ್ವೀಪಗಳಿಗೆ ನಮ್ಮನ್ನು ಕರೆದೊಯ್ಯಲಾಗದೆಂದೂ ಹೇಳಿದರು. ಆ ಎರಡು ದ್ವೀಪಗಳ ಸುತ್ತ ಸ್ನಾರ್ಕೆಲಿಂಗ್ (ಮಾಸ್ಕ್ ಮತ್ತು ಉಸಿರಾಟದ ಕೊಳವೆ ಕಟ್ಟಿಕೊಂಡು, ನೀರಿನ ಮೇಲೆ ತೇಲುತ್ತ ಕೆಳಗಿನ ಹವಳ, ಮೀನುಗಳನ್ನು ನೋಡುವುದು) ಮಾಡಿಸುವುದಾಗಿ ನಂಬಿಸಿ, ಪರವಾನಗಿಯ ಖರ್ಚೂ ಅದರಲ್ಲೇ ಸೇರಿದೆಯೆಂದು ಹೇಳಿ, ಏಜೆಂಟರೊಬ್ಬರು ಎರಡು ತಿಂಗಳ ಹಿಂದೆಯೇ ನಮ್ಮಿಂದ ತಲೆಗೆ 6,500 ರೂಪಾಯಿ ಪಡೆದಿದ್ದರು. ಲಕ್ಷದ್ವೀಪಕ್ಕೆ ಹೋಗಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ ಪತ್ರದಲ್ಲಿ ಯಾವ ಯಾವ ದ್ವೀಪದ ಹೆಸರು ಬರೆದಿದೆ ಎಂಬುದನ್ನು ಹಣ ಕೊಡುವ ಮೊದಲೇ ನೋಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಪೊಲೀಸ್ ಪರಿಶೀಲನಾ ಪತ್ರಕ್ಕಾಗಿ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ, ಠಾಣೆಗೆ ಮೂರು ಸಲ ಅಲೆದು, ಎಲ್ಲ ಕಾಗದಗಳನ್ನೂ ನಾವೇ ಹೊಂದಿಸಿಕೊಟ್ಟ ಮೇಲೂ ಹೀಗಾದದ್ದು ನನಗೆ ಇಂದಿಗೂ ನೋವಿನ ಸಂಗತಿಯೇ ಆಗಿದೆ. ಹಣ ಮರಳಿ ಬಂದಿಲ್ಲ.

ಇದಕ್ಕೂ ಮೊದಲು ಬಸ್ಸಿನ ಕಥೆಯನ್ನು ಹೇಳಬೇಕು, ಏಕೆಂದರೆ ಅಗತ್ತಿಯ ವಿಮಾನ ಹಿಡಿಯಲು ನಮ್ಮ ಕಡೆಯಿಂದ ಕೊಚ್ಚಿಗೆ ಹೊರಡುವ ಬಹುಪಾಲು ಜನ ಇದೇ ತಪ್ಪನ್ನು ಮಾಡುತ್ತಾರೆ. ನಾವು ಮೈಸೂರಿನಿಂದ ಸಂಜೆ ಆರೂವರೆಗೆ ಹೊರಡುವ ಖಾಸಗಿ ಬಸ್ಸಿನಲ್ಲಿ ಸೀಟು ಕಾಯ್ದಿರಿಸಿದ್ದೆವು. ಬಸ್ಸು ಹೊರಟಿದ್ದೇ ಏಳು ಗಂಟೆಗೆ. ಅದು ಸಾಲದೆಂಬಂತೆ ನಂಜನಗೂಡು ದಾಟಿದ ಮೇಲೆ ಊಟಕ್ಕೆಂದು ನಲವತ್ತು ನಿಮಿಷ ನಿಲ್ಲಿಸಿದರು. ಬಂಡೀಪುರದ ಕಾಡಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದಲೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದ್ದು, ಅನುಮತಿಯಿರುವ ಕೆಲವೇ ಬಸ್ಸುಗಳನ್ನೂ ತುರ್ತು ವಾಹನಗಳನ್ನೂ ಬಿಟ್ಟರೆ ಬೇರೆ ಯಾವ ವಾಹನಕ್ಕೂ ಗೇಟು ತೆರೆಯುವುದಿಲ್ಲ. ನಾವು ಮದ್ದೂರು ತನಿಖಾ ಠಾಣೆಯನ್ನು (ಮಂಡ್ಯ ಜಿಲ್ಲೆಯ ಮದ್ದೂರಲ್ಲ, ಗುಂಡ್ಲುಪೇಟೆಯ ಆಚೆಗಿರುವ ಮದ್ದೂರು) ತಲುಪುವಾಗ ಒಂಬತ್ತು ಗಂಟೆ ಹತ್ತು ನಿಮಿಷವಾಗಿತ್ತು. ಗೇಟಿನ ಸಿಬ್ಬಂದಿ ನಿಯಮವನ್ನು ಪಾಲಿಸಿದರು; ಅವರ ಬಗ್ಗೆ ನನಗೆ ಗೌರವವೇ ಇದೆ, ಏಕೆಂದರೆ ರಾತ್ರಿಯಲ್ಲಿ ಆ ರಸ್ತೆ ಆನೆ, ಜಿಂಕೆಗಳದ್ದು. ಬಸ್ಸು ಹಿಂದಿರುಗಿ, ಮತ್ತೆ ಮೈಸೂರಿಗೆ ಬಂದು, ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಯ ದಾರಿ ಹಿಡಿದು, ಮರುದಿನ ಮಧ್ಯಾಹ್ನ ಎರಡು ಗಂಟೆಗೆ ನಮ್ಮನ್ನು ಕೊಚ್ಚಿಯಲ್ಲಿ ಇಳಿಸಿತು. ಆ ಹೊತ್ತಿಗೆ ಆ ದಿನದ ಅಗತ್ತಿಯ ವಿಮಾನ ಹೋಗಿಯಾಗಿತ್ತು. ಕೊಚ್ಚಿಯಲ್ಲಿ ಒಂದು ದಿನ ಬಿಡುವು ಇರಲೇಬೇಕೆಂದು ನನ್ನ ಪತ್ನಿ ಹಟ ಹಿಡಿದು ಟಿಕೆಟ್ ತೆಗೆಸಿದ್ದರಿಂದ ಮಾತ್ರ ನಮ್ಮ ವಿಮಾನ ಮಾರನೆಯ ದಿನದ್ದಾಗಿತ್ತು.

ಆದುದರಿಂದ ರೈಲಿನಲ್ಲಿ ಹೋಗಿ. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಕೇರಳಕ್ಕೆ ಹೋಗುವ ಎಕ್ಸ್‌ಪ್ರೆಸ್ ರೈಲು ಮಧ್ಯಾಹ್ನ ಹೊರಟು ಮರುದಿನ ಮುಂಜಾನೆ ಆಲುವಾ ಮುಟ್ಟಿಸುತ್ತದೆ. ಮಂಡ್ಯದವರು ಮಂಡ್ಯದಲ್ಲಿಯೇ ಹತ್ತಬಹುದು. ಕೊಚ್ಚಿಯ ವಿಮಾನ ನಿಲ್ದಾಣವಿರುವುದು ಆಲುವಾದ ಹತ್ತಿರದ ನೆಡುಂಬಾಶ್ಶೇರಿಯಲ್ಲಾದ್ದರಿಂದ ಎರ್ನಾಕುಲಂವರೆಗೆ ಹೋಗುವ ಅಗತ್ಯವಿಲ್ಲ, ಆಲುವಾದಲ್ಲಿಯೇ ಇಳಿಯಿರಿ. ಹಿಂದಿರುಗುವಾಗ ನಾವು ಹಾಗೆಯೇ ಬಂದೆವು. ಅಗತ್ತಿಯ ಓಡುದಾರಿ ಸುಮಾರು 1,200 ಮೀಟರ್ ಉದ್ದವಷ್ಟೇ ಇರುವುದರಿಂದ ಅಲ್ಲಿಗೆ ಸಣ್ಣ ಎಟಿಆರ್ ವಿಮಾನಗಳು ಮಾತ್ರ ಹೋಗುತ್ತವೆ, ಸಾಮಾನಿನ ತೂಕದಲ್ಲಿ ರಿಯಾಯಿತಿ ಸಿಗುವುದಿಲ್ಲ. ಬಟ್ಟೆ ಕಡಿಮೆ ಮಾಡಿ ಸ್ನಾರ್ಕೆಲಿಂಗ್ ಸಾಮಾನು ತುಂಬಿಕೊಳ್ಳಿ.

ನಮ್ಮ ಕೋಣೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ದಿನಕ್ಕೆ 3,800 ರೂಪಾಯಿಗೆ ಅದು ತೀರಾ ದುಬಾರಿ, ಸ್ನಾನದ ನೀರು ಉಪ್ಪುಪ್ಪು. ನಾನು ಸೆಕೆಯನ್ನೂ ಗಟ್ಟಿ ಹಾಸಿಗೆಯನ್ನೂ ಸಹಿಸಬಲ್ಲೆ, ಜನಜಂಗುಳಿಯನ್ನು ಮಾತ್ರ ಸಹಿಸಲಾರೆ. ಅಗತ್ತಿಯಲ್ಲಿ ಜನಜಂಗುಳಿ ಇರಲಿಲ್ಲವಾದ್ದರಿಂದ ಉಳಿದ ಕೊರತೆಗಳು ನನಗೆ ಅಷ್ಟಾಗಿ ಕಾಡಲಿಲ್ಲ. ನನ್ನ ಪತ್ನಿಯ ಅಭಿಪ್ರಾಯ ಬೇರೆ.

ಬಂಗಾರಂ ತಪ್ಪಿದ ಬೇಸರದಲ್ಲಿ ಅದೇ ದಿನ ತಲೆಗೆ 1,500 ರೂಪಾಯಿ ಕೊಟ್ಟು ಬೇರೊಂದು ದೋಣಿಯಲ್ಲಿ ಅಗತ್ತಿಯ ಹತ್ತಿರದ ಹವಳದ ಜಾಗಕ್ಕೆ ಹೋದೆವು. ಹನ್ನೆರಡು ಜನರಿಗೆ ಆರು ಮಾಸ್ಕ್ ಇದ್ದವು, ಅವುಗಳ ರಬ್ಬರು ಗಡುಸಾಗಿ ನೀರು ಒಳಗೆ ನುಗ್ಗುತ್ತಿತ್ತು, ಇಪ್ಪತ್ತು ನಿಮಿಷಕ್ಕೆ ಎಲ್ಲರನ್ನೂ ಮೇಲಕ್ಕೆ ಎಳೆದುಕೊಂಡರು. ನನ್ನ ಸೋದರಳಿಯನಂತೂ ಉಪ್ಪುನೀರು ಕುಡಿದು ದೋಣಿಯ ಅಂಚು ಹಿಡಿದುಕೊಂಡೇ ಕಳೆದ. ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜು ಕಲಿತ ಹುಡುಗ ಅವನು, ಈಜಿನಲ್ಲಿ ಯಾರಿಗೂ ಕಡಿಮೆಯಲ್ಲ. ಆದರೆ ಮುಖ ನೀರಿನಲ್ಲಿ ಮುಳುಗಿಸಿಕೊಂಡು, ಮೂಗು ಮುಚ್ಚಿದ ಸ್ಥಿತಿಯಲ್ಲಿ, ಬಾಯಿಂದಲೇ ನಿಧಾನವಾಗಿ ಉಸಿರಾಡುವುದು ಈಜಿಗಿಂತ ಪೂರ್ತಿ ಬೇರೆಯಾದ ಅಭ್ಯಾಸ. ಕಾಲುವೆಯಲ್ಲಿ ನಾವು ಉಸಿರು ಬಿಗಿಹಿಡಿಯುವುದನ್ನು ಕಲಿತಿರುತ್ತೇವೆ. ಸ್ನಾರ್ಕೆಲಿಂಗ್‌ನಲ್ಲಿ ಅದನ್ನೇ ಮರೆಯಬೇಕಾಗುತ್ತದೆ. ಮೈಸೂರಿನವರು ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿಯೋ ಬೇರಾವುದಾದರೂ ಕೊಳದಲ್ಲಿಯೋ, ಅಲ್ಲಿನವರ ಒಪ್ಪಿಗೆ ಪಡೆದು, ಹೊರಡುವ ಮೊದಲು ನಾಲ್ಕೈದು ದಿನ ಮಾಸ್ಕ್ ಮತ್ತು ಕೊಳವೆ ಕಟ್ಟಿಕೊಂಡು ಅಭ್ಯಾಸ ಮಾಡಿದರೆ ಸಮುದ್ರದಲ್ಲಿ ಎರಡು ದಿನ ಉಳಿಯುತ್ತದೆ. ಕೊಳವೆಗೆ ನೀರು ಹೊಕ್ಕಾಗ ಗಾಬರಿಯಾಗದೆ ಒಂದೇ ಜೋರಿನಲ್ಲಿ ಊದಿ ಹೊರಹಾಕುವುದನ್ನು ಸೊಂಟದಷ್ಟು ನೀರಿನಲ್ಲಿಯೇ ರೂಢಿಸಿಕೊಳ್ಳಬೇಕು.

ಮಾಸ್ಕ್ ನಿಮ್ಮದೇ ಇರಲಿ. ಅದನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಮೆಲ್ಲನೆ ಉಸಿರೆಳೆದಾಗ ಬೀಳದೆ ಅಂಟಿಕೊಂಡರೆ ಅಳತೆ ಸರಿಯಾಗಿದೆಯೆಂದು ತಿಳಿಯಬೇಕು. ಮೀಸೆಯಿರುವವರಿಗೆ ಮೇಲ್ದುಟಿಯ ಬಳಿ ನೀರು ಸೋರುತ್ತದೆ. ಮೀಸೆಗೆ ದಪ್ಪವಾಗಿ ವ್ಯಾಸಲೀನ್ ಸವರಿದ ಮೇಲೆ ನನಗೆ ಸೋರುವುದು ಬಹುಮಟ್ಟಿಗೆ ನಿಂತಿತು. ಕನ್ನಡಕ ಹಾಕುವವರಿಗೆ ಪವರ್ ಗಾಜಿನ ಮಾಸ್ಕ್ ಸಿಗುತ್ತದೆ, ಅದಕ್ಕೆ ಹಣ ಹಾಕಲು ಹಿಂಜರಿಯಬೇಡಿ. ಗಾಜು ಮಂಜಾಗದಂತೆ ಒಳಗಡೆ ಮಕ್ಕಳ ಶಾಂಪೂವನ್ನು ಒಂದು ಹನಿ ಉಜ್ಜಿ ತೊಳೆಯಬೇಕು. ಬೆನ್ನು ಮತ್ತು ಮೀನಖಂಡಗಳು ಬಿಸಿಲಿಗೆ ಸುಡುವುದು ನೀರಿನಲ್ಲಿರುವಾಗ ಗೊತ್ತೇ ಆಗುವುದಿಲ್ಲವಾದ್ದರಿಂದ ತುಂಬುತೋಳಿನ ಅಂಗಿ, ಉದ್ದನೆಯ ಬಿಗಿ ಪ್ಯಾಂಟು ತೊಟ್ಟೇ ಇಳಿಯಿರಿ. ಊರಿನ ಜನ ಬಹುತೇಕ ಎಲ್ಲರೂ ಮುಸ್ಲಿಮರು, ಅವರ ಮರ್ಯಾದೆಗೂ ಆ ಉಡುಪು ಒಪ್ಪುತ್ತದೆ.

ಆಮೇಲೆ ನಾವು ಯಾರಿಗೂ ಒಂದು ರೂಪಾಯಿಯನ್ನೂ ಕೊಡದೆ, ದ್ವೀಪದ ಪಶ್ಚಿಮದ ಲಗೂನಿಗೆ (ದಡಕ್ಕೂ ಹವಳದ ದಿಬ್ಬಕ್ಕೂ ನಡುವಿನ ಶಾಂತ ಕಡಲನೀರು) ದಡದಿಂದಲೇ ನಡೆದು ಇಳಿದೆವು. ನಾನು ಈ ಬರಹ ಬರೆಯುತ್ತಿರುವುದೇ ಆ ಮೂರು ಗಂಟೆಗಳಿಗಾಗಿ. ಎದೆಯಷ್ಟು ಆಳದ ನೀರು, ಕೆಳಗಿನ ಮರಳಿನ ಅಲೆಗೆರೆಗಳೂ ಕಾಣುವಷ್ಟು ತಿಳಿ. ಅಲ್ಲಲ್ಲಿ ಮಂಚದಷ್ಟು, ಎತ್ತಿನ ಗಾಡಿಯಷ್ಟು ದೊಡ್ಡ ಹವಳದ ಬಂಡೆಗಳು, ಅವುಗಳ ಸುತ್ತ ಹಳದಿ ಚಿಟ್ಟೆಮೀನುಗಳು, ಕಡಲಹೂವಿನ ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಕೋಡಂಗಿ ಮೀನುಗಳು. ಗಿಳಿಮೀನುಗಳು ಹವಳವನ್ನು ಕಚ್ಚಿ ಕೆರೆಯುವ ಕರಕರ ಸದ್ದು ನೀರಿನೊಳಗೆ ಕಡಲೆ ಅಗಿದಂತೆ ಸ್ಪಷ್ಟವಾಗಿ ಕೇಳುತ್ತದೆ. ಅವು ಹೀಗೆ ನುಂಗಿ ಪುಡಿಮಾಡಿ ಹೊರಹಾಕಿದ್ದೂ ಸೇರಿಯೇ ಆ ಬಿಳಿಮರಳಾಗಿದೆ. ಒಂದು ಹಸಿರು ಕಡಲಾಮೆ ನನ್ನಿಂದ ಎರಡು ಮಾರು ದೂರದಲ್ಲಿ ಮೇಲೆದ್ದು, ಉಸಿರೆಳೆದುಕೊಂಡು, ಮತ್ತೆ ಕಡಲಹುಲ್ಲಿನತ್ತ ಇಳಿಯಿತು.

ಹೋಗುವ ಸಮಯ ಮಾತ್ರ ತಪ್ಪಬಾರದು. ಪೂರ್ತಿ ಇಳಿತದಲ್ಲಿ ಹವಳದ ಮೇಲೆ ಮೊಣಕಾಲುದ್ದ ನೀರೂ ಇರುವುದಿಲ್ಲ, ಕಾಲು ಬಡಿದರೆ ನಿಮಗೂ ಗಾಯ, ಹವಳಕ್ಕೂ ಹಾನಿ. ಉಬ್ಬರ ಏರುತ್ತಿರುವ ಹೊತ್ತಿಗೆ ಇಳಿಯಿರಿ. ಅದು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ಗಂಟೆಯನ್ನು ಇಂದು ನಂಬುವಂತಿಲ್ಲ, ಮೀನುಗಾರರನ್ನು ಕೇಳಿ. ಲಗೂನಿನ ಹೊರ ಅಂಚಿಗೆ, ಅಲೆ ಒಡೆಯುವ ಕಡೆಗೆ, ಒಬ್ಬರೇ ಹೋಗಲೇಬಾರದು.

ಸತ್ತು ಬೂದುಬಣ್ಣಕ್ಕೆ ತಿರುಗಿ ಪಾಚಿ ಕಟ್ಟಿದ ಹವಳವೂ ಅಲ್ಲಿ ಬೇಕಾದಷ್ಟಿದೆ. ನೀರು ಅತಿಯಾಗಿ ಬಿಸಿಯಾದಾಗ ಹವಳದ ಜೀವಿ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ, ಬಿಸಿ ವಾರಗಟ್ಟಲೆ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. ನಮ್ಮ ಮೈಸೂರಿನಲ್ಲಿಯೇ ಕಚೇರಿಯುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಗತ್ತಿ, ಕಡಮತ್ ಮತ್ತು ಕವರತ್ತಿಯ ಹವಳಗಳನ್ನು 1998ರಿಂದ ಗಮನಿಸುತ್ತ ಬಂದು, 24 ವರ್ಷಗಳಲ್ಲಿ ಅವುಗಳ ಹರವು ಸುಮಾರು ಅರ್ಧಕ್ಕಿಳಿದಿದೆಯೆಂದು ದಾಖಲಿಸಿದ್ದಾರೆ. ಚಿತ್ರಗಳಲ್ಲಿ ಕಾಣುವ ಬಣ್ಣವನ್ನೇ ನಿರೀಕ್ಷಿಸಿ ಹೋಗುವವರು ಇದನ್ನು ತಿಳಿದೇ ಹೋಗಬೇಕು. ಬದುಕಿರುವ ಹವಳದ ಮೇಲೆ ಕಾಲೂರಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಇನ್ನು ಊಟ. ಜೆಟ್ಟಿಯಿಂದ ಸ್ವಲ್ಪ ದೂರದಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ನಾಲ್ಕು ಮೇಜಿರುವ, ಹೆಸರಿನ ಫಲಕವೂ ಇಲ್ಲದ ಒಂದು ಸಣ್ಣ ಹೋಟೆಲಿದೆ. ಅನ್ನ, ಸೂರೆಮೀನಿನ (ಟ್ಯೂನಾ) ಸಾರು, ಒಣಗಿಸಿದ ಸೂರೆಮೀನನ್ನು ಕುಟ್ಟಿ ತೆಂಗಿನತುರಿ, ಈರುಳ್ಳಿಯೊಡನೆ ಬೆರೆಸಿದ ಪಲ್ಯ, ಇಷ್ಟಕ್ಕೆ 130 ರೂಪಾಯಿ. ಅನ್ನ, ಸಾರು ಎಷ್ಟು ಸಲವಾದರೂ ಬಡಿಸುತ್ತಾರೆ. ಆ ಮೀನನ್ನು ಅಲ್ಲಿ ಬಲೆಯಿಂದ ಹಿಡಿಯುವುದಕ್ಕಿಂತ ಬಿದಿರುಗಳೆಗೆ ಗಾಳ ಕಟ್ಟಿ ಒಂದೊಂದಾಗಿ ಎತ್ತುವುದೇ ಹೆಚ್ಚು; ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನ ನಮ್ಮ ತಟ್ಟೆಯಲ್ಲಿತ್ತು. ಸಾರಿನ ಹುಳಿ, ಖಾರ ಎರಡೂ ಹದವಾಗಿದ್ದು, ಮುದ್ದೆಯೊಂದಿದ್ದರೆ ಇನ್ನೇನೂ ಬೇಡವಾಗಿತ್ತು ಎಂದು ನನ್ನ ಪತ್ನಿ ಎರಡು ದಿನವೂ ಹೇಳಿದರು. ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾಕ್ಕೆ ಅಲ್ಲಿ ಮೀರಾ ಎನ್ನುತ್ತಾರೆ. ಅದನ್ನು ಕಾಯಿಸಿ ಪಾಕ ಮಾಡಿ ತೆಂಗಿನತುರಿ ಸೇರಿಸಿದ ಹಲ್ವವನ್ನು ಒಣ ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ಆಲೆಮನೆಯ ಬಿಸಿಬೆಲ್ಲ ತಿಂದು ಬೆಳೆದ ನಮಗೂ ಅದರ ಪರಿಮಳ ಹೊಸದೆನಿಸಿತು.

ಹೋಟೆಲಿನ ಯಜಮಾನರು ಅಮಿನಿ ದ್ವೀಪದವರು. ಎಲ್ಲರೂ ಅವರನ್ನು ಇಕ್ಕಾ (ಅಣ್ಣ) ಎಂದು ಕರೆಯುವುದರಿಂದ ನಾವೂ ಹಾಗೆಯೇ ಕರೆದೆವು. ನಮ್ಮೂರು ಶ್ರೀರಂಗಪಟ್ಟಣದ ಹತ್ತಿರ ಎಂದೊಡನೆ ಅವರು ಟಿಪ್ಪು ಸುಲ್ತಾನರ ಹೆಸರೆತ್ತಿದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮುಂತಾದ ಉತ್ತರದ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪುವಿನ ಆಳ್ವಿಕೆಗೆ ಬಂದು, 1799ರ ನಂತರ ಬ್ರಿಟಿಷರ ಕೆಳಗೆ ಮಂಗಳೂರಿನ ಆಡಳಿತಕ್ಕೆ ಸೇರಿ, 1956ರವರೆಗೂ ದಕ್ಷಿಣ ಕನ್ನಡದ ಭಾಗವಾಗಿಯೇ ಇದ್ದವೆಂಬುದು ನನಗೆ ಓದಿ ಗೊತ್ತಿತ್ತು. ಅಲ್ಲಿಯ ಒಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು. ಆಮೆಗಳ ಮಾತು ಬಂದಾಗ ಅವರ ಮುಖ ಸ್ವಲ್ಪ ಗಂಭೀರವಾಯಿತು. ಆಮೆಗಳು ಲಗೂನಿನ ಹುಲ್ಲನ್ನು ಮೇಯ್ದು ಬರಿದು ಮಾಡುವುದರಿಂದ ಮೀನು ಕಡಿಮೆಯಾಗಿದೆಯೆಂಬ ದೂರು ಮೀನುಗಾರರಲ್ಲಿ ಬಹಳ ದಿನಗಳಿಂದ ಇದೆಯೆಂದರು. ಪ್ರವಾಸಿಗೆ ಸಂತೋಷ ಕೊಡುವ ಪ್ರಾಣಿ ಅಲ್ಲಿನವರಿಗೆ ಹೊಟ್ಟೆಪಾಡಿನ ಚಿಂತೆಯೂ ಆಗಿರಬಹುದೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೋಟೆಲು ಮುಚ್ಚಿರುತ್ತದೆ, ಮೊದಲೇ ಹೇಳಿಟ್ಟರೆ ಊಟ ಕಟ್ಟಿಕೊಡುತ್ತಾರೆ. ನಗದು ಇಟ್ಟುಕೊಂಡಿರಿ. ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಲೆಗಳ ಕಾರಣ ನೀರಿಗಿಳಿಯುವ ಯೋಚನೆ ಬೇಡ. ನಾವು ಹೋದ ಫೆಬ್ರವರಿ ಒಳ್ಳೆಯ ಕಾಲ.

ಹೊರಡುವ ಬೆಳಿಗ್ಗೆ ಸೋದರಳಿಯನ ಚೀಲದಲ್ಲಿ ದಡದಲ್ಲಿ ಹೆಕ್ಕಿದ ಅಂಗೈಯಗಲದ ಹವಳದ ತುಂಡು ಸಿಕ್ಕಿತು. ಸತ್ತದ್ದಾದರೂ ಹವಳವನ್ನು ಒಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. "ಮಾವ, ಇದು ಬರೀ ಕಲ್ಲಲ್ಲವೇ?" ಎಂದು ಕೇಳಿದ. ಅಲ್ಲವೆಂದು ವಿವರಿಸಿ ಹೇಳಿದ ಮೇಲೆ ಅವನೇ ಹೋಗಿ ಅದನ್ನು ಹೆಕ್ಕಿದ ಜಾಗದಲ್ಲಿ ನೀರಿಗೆ ಬಿಟ್ಟು ಬಂದ, ಚೀಲದಲ್ಲಿ ಖಾಲಿಯಾದ ತೂಕಕ್ಕೆ ಇನ್ನೆರಡು ಕಟ್ಟು ಹಲ್ವ ತೆಗೆದುಕೊಂಡೆವು.