ಬ್ರಾಟಿಸ್ಲಾವಾ ದಾಟಿದ ರಾತ್ರಿ ಎಚ್ಚರವಿರಿ

ಜರ್ಮನಿಯ ಪಸ್ಸೌನಿಂದ ಹಂಗೇರಿಯ ಬುಡಾಪೆಸ್ಟ್‌ಗೆ ಹೊರಟ ಡ್ಯಾನ್ಯೂಬ್ ಕ್ರೂಸ್‌ನಲ್ಲಿ ಮೆಲ್ಕ್ ಮಠ, ವಿಯೆನ್ನಾದ ಅರಮನೆ ಎಲ್ಲ ನೋಡಿ ಬ್ರಾಟಿಸ್ಲಾವಾ ಮುಟ್ಟುವ ಹೊತ್ತಿಗೆ ಎಲ್ಲರ ಕಾಲೂ ಸೋತಿರುತ್ತದೆ. ಊಟ ಮುಗಿಸಿ, ಸೂಟ್‌ಕೇಸ್ ತುಂಬಿ ಮಲಗಿಬಿಡುತ್ತಾರೆ. ನೋಡಲೇಬೇಕಾದದ್ದು ಶುರುವಾಗುವುದು ಆಮೇಲೆ.

ಈ ನದಿಯ ಕಿಲೋಮೀಟರ್ ಲೆಕ್ಕ ಕಡಲಿನಿಂದ ಮೇಲಕ್ಕೆ. ಕಪ್ಪು ಸಮುದ್ರದ ಸುಲಿನಾದಲ್ಲಿ ಸೊನ್ನೆ, ಬುಡಾಪೆಸ್ಟ್‌ನಲ್ಲಿ ಸುಮಾರು 1647, ಬ್ರಾಟಿಸ್ಲಾವಾದಲ್ಲಿ ಸುಮಾರು 1868. ದಡದ ಫಲಕ ನೋಡುತ್ತಿದ್ದರೆ ಎಲ್ಲಿದ್ದೇವೆಂದು ಯಾರನ್ನೂ ಕೇಳಬೇಕಿಲ್ಲ. 1820ರ ಆಸುಪಾಸು ಬಂದರೆ ಸ್ವೆಟರ್ ಹಾಕಿಕೊಂಡು ಮೇಲಿನ ಡೆಕ್‌ಗೆ ಹತ್ತಿ. ಬ್ರಾಟಿಸ್ಲಾವಾ ಬಿಟ್ಟ ಎರಡು ಮೂರು ಗಂಟೆಗೆ ಗಬ್ಚೀಕೊವೊ ಲಾಕ್ ಸಿಗುತ್ತದೆ. ಲಾಕ್ ಎಂದರೆ ನೀರು ತುಂಬಿಸಿ, ಇಳಿಸಿ ಹಡಗನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ, ಎರಡೂ ತುದಿಗೆ ಗೇಟಿರುವ ಕೋಣೆ. ಸರಿಯಾದ ಸಮಯವನ್ನು ರಿಸೆಪ್ಷನ್‌ನಲ್ಲಿ ಸಂಜೆಯೇ ಕೇಳಿಟ್ಟುಕೊಳ್ಳಿ.

ಲಾಕ್‌ಗೆ ಮುಂಚೆ ಹಡಗು ಹೋಗುವುದು ನದಿಯಲ್ಲಲ್ಲ, ಏರಿಯ ಮೇಲೆ ಎತ್ತಿ ಕಟ್ಟಿದ ಕಾಲುವೆಯಲ್ಲಿ. ಹಳ್ಳಿಗಳ ದೀಪ ನೀರಿಗಿಂತ ಕೆಳಗೆ ಮಿನುಗುತ್ತವೆ. ಮೊದಲ ಸಲ ನೋಡಿದವರಿಗೆ ಕಣ್ಣೇ ಮೋಸ ಮಾಡಿತೇನೋ ಅನಿಸುತ್ತದೆ. 275 ಮೀಟರ್ ಉದ್ದ, 34 ಮೀಟರ್ ಅಗಲದ ಕೋಣೆಯೊಳಗೆ ಹಡಗು ಮೆಲ್ಲಗೆ ನುಗ್ಗಿ ಹಗ್ಗ ಬಿಗಿಯುತ್ತದೆ. ಇಂಥ ಕ್ರೂಸ್ ಹಡಗುಗಳ ಅಗಲ ಹೆಚ್ಚಾಗಿ 11.45 ಮೀಟರ್. ಜರ್ಮನಿಯ ಮೈನ್-ಡ್ಯಾನ್ಯೂಬ್ ಕಾಲುವೆಯ ಲಾಕ್‌ಗಳು 12 ಮೀಟರ್ ಮಾತ್ರ ಇರುವುದರಿಂದ ಆ ಅಳತೆ. ಇಲ್ಲಿ ಜಾಗ ಧಾರಾಳ, ಪಕ್ಕದಲ್ಲಿ ಇನ್ನೊಂದು ಹಡಗೂ ನಿಂತಿರುತ್ತದೆ. ಗೇಟು ಮುಚ್ಚಿ ನೀರು ಇಳಿಯಲು ಶುರುವಾದರೆ ಸದ್ದೇ ಇಲ್ಲ. ಒದ್ದೆ ಕಾಂಕ್ರೀಟ್ ಗೋಡೆ ಮಾತ್ರ ಬೆಳೆಯುತ್ತಾ ಹೋಗುತ್ತದೆ, ಪಾಚಿಯ ವಾಸನೆ ಮೂಗಿಗೆ ಬಡಿಯುತ್ತದೆ. ಸುಮಾರು 20 ಮೀಟರ್ ಇಳಿದ ಮೇಲೆ ತಲೆಯೆತ್ತಿದರೆ ಆಕಾಶ ಒಂದು ಪಟ್ಟಿ. ಗೋಡೆ ಮುಟ್ಟುವ ಆಸೆಗೆ ಕೈ ಹೊರಗೆ ಚಾಚಬೇಡಿ, ಹಡಗು ಸ್ವಲ್ಪ ವಾಲಿದರೂ ಬೆರಳು ಉಳಿಯುವುದಿಲ್ಲ.

ಈ ಲಾಕ್ ಇರುವ ಅಣೆಕಟ್ಟಿನ ಹಿಂದೊಂದು ಜಗಳವಿದೆ. 1977ರಲ್ಲಿ ಚೆಕೊಸ್ಲೊವಾಕಿಯಾ ಮತ್ತು ಹಂಗೇರಿ ಇಲ್ಲೊಂದು, ಕೆಳಗೆ ನಾಗ್‌ಮಾರೊಶ್‌ನಲ್ಲೊಂದು ಅಣೆಕಟ್ಟು ಕಟ್ಟಲು ಒಪ್ಪಿದವು. 1989ರಲ್ಲಿ ಹಂಗೇರಿ ಕೆಲಸ ನಿಲ್ಲಿಸಿತು, 1992ರಲ್ಲಿ ಸ್ಲೊವಾಕ್ ಕಡೆಯವರು ನದಿಯನ್ನೇ ಈ ಕಾಲುವೆಗೆ ತಿರುಗಿಸಿದರು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1997ರಲ್ಲಿ ಇಬ್ಬರದ್ದೂ ತಪ್ಪು ಎಂದಿತು. ಬೆಳಿಗ್ಗೆ ಎಸ್ತೆರ್ಗೋಮ್ ಊರಿನ ಚರ್ಚಿನ ಗುಮ್ಮಟ ದಾಟಿ, ನದಿ ಗುಡ್ಡಗಳ ನಡುವೆ ದಕ್ಷಿಣಕ್ಕೆ ಹೊರಳುವಲ್ಲಿ ಎಡದಡದಲ್ಲಿ ಕಾಣುವ ಊರೇ ನಾಗ್‌ಮಾರೊಶ್. ಅಣೆಕಟ್ಟಿಲ್ಲದ ಆ ತಿರುವು ಎಷ್ಟು ಚೆಂದವೆಂದರೆ, ಹಂಗೇರಿಯವರು ಹಟ ಹಿಡಿದದ್ದು ಯಾಕೆಂದು ಗೊತ್ತಾಗುತ್ತದೆ.

ಬುಡಾಪೆಸ್ಟ್ ಹತ್ತಿರವಾದಾಗ ಡೆಕ್‌ನ ಎಡಗಡೆ ನಿಲ್ಲಿ. ಮಾರ್ಗರೆಟ್ ಸೇತುವೆ ದಾಟಿದ ಕೂಡಲೆ 96 ಮೀಟರ್ ಗುಮ್ಮಟದ ಪಾರ್ಲಿಮೆಂಟ್ ಆ ಕಡೆಯೇ ಬರುತ್ತದೆ. ಕೋಟೆ ಬಲಕ್ಕೆ. ಅಲ್ಲಿಗೆ ತಿರುಗುವಷ್ಟರಲ್ಲಿ 1849ರ ಚೈನ್ ಬ್ರಿಡ್ಜ್ ತಲೆಯ ಮೇಲೆ. ಹಗಲಲ್ಲಿ ತಲುಪಿದರೆ ಕತ್ತಲಾದ ಮೇಲೆ ದೀಪ ನೋಡಲು ಮತ್ತೊಮ್ಮೆ ಡೆಕ್‌ಗೆ ಬನ್ನಿ.

ಎಡವಟ್ಟಾಗುವುದು ಇಳಿಯುವ ದಿನ. ಬಾಗಿಲ ಹೊರಗಿಟ್ಟ ಸೂಟ್‌ಕೇಸ್ ಸಿಬ್ಬಂದಿ ಒಯ್ದ ಮೇಲೆ ಬಿಪಿ ಮಾತ್ರೆ ಅದರೊಳಗಿದೆಯೆಂದು ನೆನಪಾಗುತ್ತದೆ. ಪಾಸ್‌ಪೋರ್ಟ್ ರಿಸೆಪ್ಷನ್‌ಗೆ ಕೊಟ್ಟಿದ್ದರೆ ಹಿಂದಿನ ಸಂಜೆಯೇ ಪಡೆಯಿರಿ, ಬಿಲ್ಲನ್ನೂ ಆಗಲೇ ತೀರಿಸಿ. ಬೆಳಿಗ್ಗೆ ಕೌಂಟರ್ ಮುಂದೆ ಉದ್ದ ಸಾಲು. ಊರೊಳಗೆ ಹಂಗೇರಿಯ ಹಣ ಫೋರಿಂಟ್ ನಡೆಯುತ್ತದೆ. ಕಾರ್ಡ್ ಯಂತ್ರ ರೂಪಾಯಿಯೋ ಫೋರಿಂಟೋ ಎಂದು ಕೇಳಿದರೆ ಫೋರಿಂಟ್ ಒತ್ತಿ, ರೂಪಾಯಿ ಒತ್ತಿದರೆ ಕೆಟ್ಟ ದರದಲ್ಲಿ ಸುಲಿಯುತ್ತಾರೆ. ವಿಮಾನ ನಿಲ್ದಾಣದ 100ಇ ಬಸ್ಸಿಗೆ ಸಾಮಾನ್ಯ ಟಿಕೆಟ್ ನಡೆಯದು, ಅದಕ್ಕೆಂದೇ ಬೇರೆ ಟಿಕೆಟ್ ಇದೆ. ಸಸ್ಯಾಹಾರಿಗಳು ಮಾಂಸದ ಸಾರಾದ ಗೂಲಾಶ್ ಬಿಟ್ಟು ಲಾಂಗೋಶ್ ಹಿಡಿಯಿರಿ. ದಪ್ಪ ಪೂರಿಯ ಮೇಲೆ ಬೆಳ್ಳುಳ್ಳಿ ಸವರಿ, ಹುಳಿ ಕೆನೆ, ಚೀಸ್ ಸುರಿದಂತೆ. ಬಿಸಿಯಿದ್ದಾಗಲೇ ತಿನ್ನಬೇಕು, ಆರಿದರೆ ತೊಗಲು.

ಊರು ಸುತ್ತಲು ಇಳಿಯುವಾಗ ಹಡಗಿನ ಕಾರ್ಡ್ ಜೇಬಿನಲ್ಲಿರಲಿ, ದಡದ ಕಟ್ಟೆಯ ನಂಬರು ಬರೆದುಕೊಳ್ಳಿ. ನೀವಿಲ್ಲದಾಗ ಹಡಗನ್ನು ಬೇರೆ ಕಟ್ಟೆಗೆ ಸರಿಸುವುದುಂಟು, ಅಲ್ಲಿ ಮೂರ್ನಾಲ್ಕು ಹಡಗು ಒಂದೇ ಅಚ್ಚಿನವು. ಜಾಗ ಸಾಲದೆ ಒಂದರ ಪಕ್ಕ ಒಂದನ್ನು ಕಟ್ಟುತ್ತಾರೆ, ಆಗ ಪರರ ಹಡಗಿನ ಲಾಬಿ ಹಾದು ನಿಮ್ಮದಕ್ಕೆ ಬರಬೇಕು. ರಾತ್ರಿ ಪರದೆ ಎಳೆದೇ ಮಲಗಿ. ಬೆಳಿಗ್ಗೆ ತೆರೆದರೆ ಎರಡು ಅಡಿ ಆಚೆ, ಇನ್ನೊಂದು ಹಡಗಿನ ಕಿಟಕಿಯಲ್ಲಿ ಯಾರೋ ಹಲ್ಲುಜ್ಜುತ್ತಿರುತ್ತಾರೆ.