ಚರ್ಚಿನ ನೆರವು ಯಾರಿಗೆ, ಯಾತಕ್ಕೆ?

ಮಂಗಳೂರು ಸೀಮೆಯ ಒಂದು ಕಥೊಲಿಕ್ ಚರ್ಚಿನಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ನಾನು ಹಲವು ವರ್ಷಗಳಿಂದ ಸದಸ್ಯನಾಗಿದ್ದೇನೆ. ಇದು ಗೊತ್ತಾದವರು, ಮದುವೆ ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಹೆಚ್ಚು ಹೊತ್ತಾಗುವ ಮೊದಲೇ ಕೇಳುತ್ತಾರೆ: "ನಿಮ್ಮ ಚರ್ಚಿನವರು ಸಹಾಯ ಮಾಡುವುದು ನಿಮ್ಮವರಿಗೆ ಮಾತ್ರವೇ?" ಬೇರೆಯವರಿಗೂ ಮಾಡುತ್ತೇವೆ ಎಂದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "ಹಾಗಾದರೆ ಅದರಿಂದ ನಿಮಗೇನು ಲಾಭ?" ಮೊದಲನೆಯದಕ್ಕೆ ಹೌದು ಎಂದರೆ ನಾವು ಸಂಕುಚಿತ ಬುದ್ಧಿಯವರು, ಅಲ್ಲ ಎಂದರೆ ಮತಾಂತರ ಮಾಡಲು ಹೊರಟವರು. ಆದರೂ ಕೇಳುವವರಲ್ಲಿ ಹೆಚ್ಚಿನವರದು ದ್ವೇಷವಲ್ಲ, ಕುತೂಹಲ. ಆದ್ದರಿಂದ ಎರಡಕ್ಕೂ ಸೇರಿಸಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಈ ಸಭೆ ಹುಟ್ಟಿದ್ದೂ ಇಂಥದೇ ಒಂದು ಚುಚ್ಚುಪ್ರಶ್ನೆಯಿಂದ. ಪ್ಯಾರಿಸ್ ನಗರದಲ್ಲಿ 1832ರಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಆ ದಿನಗಳಲ್ಲಿ ವಿದ್ಯಾರ್ಥಿಗಳ ಚರ್ಚಾಕೂಟವೊಂದರಲ್ಲಿ ಫ್ರೆಡ್ರಿಕ್ ಓಝನಾಮ್ ಎಂಬ ಯುವಕ, ಕ್ರೈಸ್ತ ಧರ್ಮ ಚರಿತ್ರೆಯುದ್ದಕ್ಕೂ ಜಗತ್ತಿಗೆ ಮಾಡಿದ ಉಪಕಾರಗಳನ್ನು ಎತ್ತಿ ಹೇಳುತ್ತಿದ್ದಾಗ, ಹಿಂದಿನ ಮಾತು ಹಾಗಿರಲಿ, ಈಗ ನೀವು ಬಡವರಿಗೆ ಏನು ಮಾಡುತ್ತಿದ್ದೀರಿ ಎಂದು ಎದುರಾಳಿಗಳು ಕೇಳಿದರು. ಮರುವರ್ಷದ ಏಪ್ರಿಲ್‌ನಲ್ಲಿ ಅವನೂ ಕೆಲವು ಗೆಳೆಯರೂ ಸೇರಿ ಈ ಸಭೆಯನ್ನು ಕಟ್ಟಿದರು. ಆಗ ಓಝನಾಮನಿಗೆ ಇಪ್ಪತ್ತು ವರ್ಷ. ತಮಗೆಂದು ಇಟ್ಟುಕೊಂಡಿದ್ದ ಚಳಿಗಾಲದ ಸೌದೆಯಲ್ಲಿ ಉಳಿದದ್ದನ್ನು ಒಂದು ಬಡ ಮನೆಗೆ ಹೊತ್ತುಕೊಂಡು ಹೋದದ್ದೇ ಮೊದಲ ಸೇವೆ ಎಂದು ನಮ್ಮಲ್ಲಿ ಹೇಳುತ್ತಾರೆ. ಮುಫ್ತಾರ್ ಎಂಬ ಬಡವರ ಕೇರಿಯಲ್ಲಿ ದುಡಿಯುತ್ತಿದ್ದ ರೊಸಾಲಿ ರಾಂದ್ಯು ಎಂಬ ಧರ್ಮಭಗಿನಿ ಈ ಹುಡುಗರಿಗೆ ಮನೆಗಳನ್ನು ತೋರಿಸಿಕೊಟ್ಟು, ಬಡವರ ಮನೆಯ ಹೊಸ್ತಿಲು ದಾಟುವಾಗ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಿದರು. ಅಂದಿನಿಂದ ಇಂದಿನವರೆಗೆ ಸಭೆಯ ಮುಖ್ಯ ನಿಯಮ ಒಂದೇ: ಕೇಳಿಕೊಂಡು ಬಂದವರಿಗೆ ಕೌಂಟರಿನಲ್ಲಿ ಕೊಟ್ಟು ಕಳುಹಿಸುವುದಲ್ಲ, ಇಬ್ಬರು ಸದಸ್ಯರು ಅವರ ಮನೆಗೆ ಹೋಗಿ, ಕೂತು, ಮಾತಾಡಿಸಿ, ನೋಡಿಕೊಂಡು ಬಂದು ಕೊಡುವುದು.

ನಮ್ಮದು ವಾರಕ್ಕೊಂದು ಕೂಟ. ಸದಸ್ಯರೆಂದರೆ ನಿವೃತ್ತ ಶಿಕ್ಷಕರು, ಗಲ್ಫಿನಿಂದ ಮರಳಿದವರು, ಅಂಗಡಿ ನಡೆಸುವವರು, ಒಂದಿಬ್ಬರು ಗೃಹಿಣಿಯರು. ಧರ್ಮಗುರುಗಳು ಆಧ್ಯಾತ್ಮಿಕ ನಿರ್ದೇಶಕರಾಗಿರುತ್ತಾರೆಯೇ ಹೊರತು ಸಭೆಯನ್ನು ನಡೆಸುವವರು ಗೃಹಸ್ಥರಾದ ನಾವೇ. ಪ್ರಾರ್ಥನೆಯಾದ ಮೇಲೆ ಹಿಂದಿನ ವಾರ ಯಾವ ಮನೆಗೆ ಯಾರು ಹೋಗಿದ್ದರು, ಏನು ಕಂಡರು ಎಂಬ ವರದಿ. ಆಮೇಲೆ ಯಾರಿಗೆ ಏನು ಎಂಬ ತೀರ್ಮಾನ. ಕೂಟ ಮುಗಿಯುವ ಮುಂಚೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ದಾಟುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಮುಚ್ಚಿ ಕೈಯನ್ನು ಒಳಗೆ ಹಾಕಿ ತೆಗೆಯುತ್ತಾರೆ. ಯಾರು ಐನೂರು ಹಾಕಿದರು, ಯಾರು ಬರಿಗೈ ಹಾಕಿ ತೆಗೆದರು ಎಂಬುದು ಪಕ್ಕದಲ್ಲಿ ಕೂತವನಿಗೂ ತಿಳಿಯುವುದಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಯೇಸುವಿನ ಮಾತನ್ನು ಇಷ್ಟು ಅಕ್ಷರಶಃ ಪಾಲಿಸುವ ಇನ್ನೊಂದು ಪದ್ಧತಿಯನ್ನು ನಾನು ಕಂಡಿಲ್ಲ. ಇದರ ಜೊತೆಗೆ ದಾನಿಗಳು ಕೊಡುವುದು ಮತ್ತು ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದ ಉಳಿತಾಯದ ಕಾಣಿಕೆಯಲ್ಲಿ ಒಂದು ಪಾಲು ಸೇರುತ್ತದೆ.

ಮನೆಗೇ ಹೋಗಬೇಕೆಂಬ ಹಟ ಯಾಕೆ ಎಂದು ನನ್ನ ಮಗನೂ ಕೇಳಿದ್ದುಂಟು, ಖಾತೆಗೆ ಹಣ ಹಾಕಿದರೆ ಮುಗಿಯಿತಲ್ಲ ಎಂದು. ಒಂದು ಉದಾಹರಣೆ ಹೇಳುತ್ತೇನೆ. ಬೀಡಿ ಕಟ್ಟುವ ಹೆಂಗಸೊಬ್ಬರ ಗಂಡನಿಗೆ ಎರಡೂ ಕಿಡ್ನಿ ಹೋಗಿದ್ದವು. ಔಷಧಿಗೆ ಹಣ ಬೇಕು ಎಂಬ ಕೋರಿಕೆಯಷ್ಟೇ ನಮಗೆ ಬಂದದ್ದು. ಹೋಗಿ ಕೂತು ಮಾತಾಡಿದ ಮೇಲೆ ಲೆಕ್ಕವೇ ಬೇರೆಯಾಯಿತು. ಬಿಪಿಎಲ್ ಕಾರ್ಡು ಇದ್ದುದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಾಗಿಯೇ ಆಗುತ್ತಿತ್ತು. ಆದರೆ ವಾರಕ್ಕೆ ಮೂರು ಸಲ ಹೋಗಬೇಕು, ಪ್ರತಿ ಸಲ ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಬೇಕು, ಮರಳುವಾಗ ಬಸ್ಸಿನಲ್ಲಿ ನಿಂತು ಬರುವ ತ್ರಾಣ ಇರುವುದಿಲ್ಲ, ಆಟೋ ಆಗಲೇಬೇಕು. ಜೊತೆಗೆ ಹೋಗುವ ಹೆಂಡತಿಗೆ ಆ ದಿನ ಬೀಡಿ ಕಟ್ಟಲಾಗುವುದಿಲ್ಲ. ಬೀಡಿಯ ಸಂಬಳ ಸಾವಿರ ಬೀಡಿಯ ಲೆಕ್ಕದಲ್ಲಿ, ಕಟ್ಟದಿದ್ದರೆ ಇಲ್ಲ. ಆ ಮನೆಯನ್ನು ಮುಳುಗಿಸುತ್ತಿದ್ದುದು ಚಿಕಿತ್ಸೆಯ ಖರ್ಚಲ್ಲ, ದಾರಿಯ ಖರ್ಚು ಮತ್ತು ಮುರಿದ ಸಂಬಳ. ನಾವು ಆಟೋ ಬಾಡಿಗೆ ವಹಿಸಿಕೊಂಡೆವು, ವಾರದಲ್ಲಿ ಒಂದು ದಿನ ಹೆಂಡತಿಯ ಬದಲು ನಮ್ಮ ಸದಸ್ಯರೊಬ್ಬರು ಜೊತೆಗೆ ಹೋಗತೊಡಗಿದರು. ಈ ಮನೆಯವರು ಕ್ರೈಸ್ತರಲ್ಲ. ಅವರ ವಿಷಯ ತಂದವರು ನೆರೆಮನೆಯ ಕ್ರೈಸ್ತ ಹೆಂಗಸು.

ಮೊದಲ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇಲ್ಲಿಯೇ ಇದೆ. ಇಂಥ ಧರ್ಮದವರಿಗೆ ಮಾತ್ರ ಎಂಬ ನಿಯಮ ನಮ್ಮಲ್ಲಿಲ್ಲ, ಆದರೂ ನಮ್ಮ ಪಟ್ಟಿಯಲ್ಲಿ ಕ್ರೈಸ್ತ ಕುಟುಂಬಗಳೇ ಹೆಚ್ಚು. ಕಾರಣ, ನಮಗೆ ಸುದ್ದಿ ಬರುವ ದಾರಿ. ನಮ್ಮ ಕಡೆಯ ಚರ್ಚುಗಳು ವಾಳೆಗಳಾಗಿ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪುಗಳಾಗಿ, ಹಂಚಿಕೊಂಡಿರುತ್ತವೆ, ಪ್ರತಿ ವಾಳೆಗೊಬ್ಬ ಗುರಿಕಾರ ಇರುತ್ತಾನೆ, ತನ್ನ ವಾಳೆಯ ಮನೆಗಳ ಕಷ್ಟ ಅವನಿಗೆ ಗೊತ್ತಿರುತ್ತದೆ. ಪಕ್ಕದ ಹಿಂದೂ ಅಥವಾ ಮುಸ್ಲಿಂ ಮನೆಯ ಕಷ್ಟ ತಿಳಿಯಬೇಕಾದರೆ ಯಾರಾದರೂ ಬಂದು ಹೇಳಬೇಕು. ಹೇಳಿದಾಗ ಹೋಗುತ್ತೇವೆ. ಸಭೆಯೊಳಗೆ "ಮೊದಲು ನಮ್ಮವರದ್ದಾಗಲಿ" ಎನ್ನುವವರು ಇಲ್ಲವೆಂದಲ್ಲ. ಹಣ ಕಡಿಮೆ ಬಿದ್ದ ವಾರ ಆ ಮಾತು ಸ್ವಲ್ಪ ಗಟ್ಟಿಯಾಗಿಯೇ ಕೇಳುತ್ತದೆ. ಅದಕ್ಕೆ ಮಣಿಯಬಾರದೆಂಬುದು ನನ್ನ ಪಕ್ಷ, ಈವರೆಗೆ ಹೆಚ್ಚಿನವರದ್ದೂ ಅದೇ.

ಲಾಭದ ಪ್ರಶ್ನೆಯ ಹಿಂದಿರುವ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ, ಅದನ್ನು ಒಪ್ಪಿಕೊಳ್ಳಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಧರ್ಮಪ್ರಚಾರವನ್ನೇ ಗುರಿಯಾಗಿಟ್ಟುಕೊಂಡಿತ್ತು, ಅದನ್ನು ಮುಚ್ಚಿಟ್ಟಿರಲಿಲ್ಲ. ಮತಾಂತರಗೊಂಡವರು ಕುಲದ ಆಸರೆಯನ್ನೂ ಕಸುಬನ್ನೂ ಕಳೆದುಕೊಂಡಾಗ ಅವರ ಹೊಟ್ಟೆಪಾಡಿಗೆಂದು ನೇಯ್ಗೆಯನ್ನೂ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಅದು ಪ್ರೊಟೆಸ್ಟೆಂಟ್ ಮಿಶನ್, ನಾವು ಕಥೊಲಿಕರು. ಆದರೆ ಹೊರಗಿನವರ ಕಣ್ಣಿಗೆ ಎಲ್ಲ ಚರ್ಚುಗಳೂ ಒಂದೇ, ಇರಲಿ. ಅದೇ ಊರಿನಲ್ಲಿ ಇನ್ನೊಂದು ಬಗೆಯ ಕೆಲಸವೂ ನಡೆಯಿತು. ಜರ್ಮನ್ ಮೂಲದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ನಾಲ್ಕು ವರ್ಷಗಳಲ್ಲಿ ಕುಷ್ಠರೋಗಿಗಳಿಗೊಂದು ಆಸರೆ ಕಟ್ಟಿದರು. ಆ ಔಷಧಾಲಯವೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ, ಅದರ ಬಾಗಿಲಲ್ಲಿ ಜಾತಿ ಧರ್ಮ ಕೇಳುವವರಿಲ್ಲ ಎಂಬುದು ಜಿಲ್ಲೆಗೆಲ್ಲ ಗೊತ್ತು.

ಬಡವರನ್ನು ಮತಾಂತರಿಸುವ ವಿಷಯದಲ್ಲಿ ಕಥೊಲಿಕ್ ಧರ್ಮಸಭೆಯ ನಿಲುವು ಬರಹದಲ್ಲಿಯೇ ಇದೆ. ಜಗತ್ತಿನ ಕಥೊಲಿಕ್ ಬಿಷಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು, ವಿಶ್ವಾಸವನ್ನು ಹರಡುವಾಗ ಬಲವಂತವನ್ನೂ ಗೌರವಕ್ಕೆ ತಕ್ಕುದಲ್ಲದ ಪುಸಲಾವಣೆಯನ್ನೂ, ಅದರಲ್ಲೂ ಬಡವರು ಮತ್ತು ಓದುಬರಹ ಇಲ್ಲದವರ ಬಳಿ, ಬಳಸಲೇಕೂಡದು ಎನ್ನುತ್ತದೆ. ಮತಾಂತರ ನಿಷೇಧ ಕಾಯ್ದೆ ಎಂದೇ ಜನ ಕರೆದ ರಾಜ್ಯದ 2022ರ ಕಾಯ್ದೆ ಬಂದಾಗ, ಉಡುಗೊರೆ, ಹಣ, ಉಚಿತ ಶಿಕ್ಷಣ ಇವೆಲ್ಲ ಆಮಿಷದ ವ್ಯಾಖ್ಯೆಯೊಳಗೆ ಬಂದವು. ಒಂದು ಮೂಟೆ ಅಕ್ಕಿಯನ್ನೂ ಯಾರಾದರೂ ಅನುಮಾನದಿಂದ ನೋಡಬಹುದೆಂದು ನಮ್ಮ ಕೆಲವು ಸದಸ್ಯರು ಕ್ರೈಸ್ತರಲ್ಲದವರ ಮನೆಗೆ ಹೋಗಲು ಹಿಂಜರಿದರು. ನಾವು ಮಾಡಿದ್ದು ಇಷ್ಟೇ: ಕೊಟ್ಟದ್ದಕ್ಕೆಲ್ಲ ರಸೀದಿ ಇಡುವುದು, ಅಂಥ ಮನೆಗಳಲ್ಲಿ ಧರ್ಮದ ಮಾತು ಎತ್ತದಿರುವುದು. ನಮಗೋಸ್ಕರ ಪ್ರಾರ್ಥಿಸಿ ಎಂದು ಅವರೇ ಹೇಳಿದರೆ, ನಮ್ಮ ಕೂಟದಲ್ಲಿ ಪ್ರಾರ್ಥಿಸುತ್ತೇವೆ.

ಲಾಭ ಬೇಡವೆಂದಲ್ಲ. ದೇವರು ಲೆಕ್ಕ ಇಡುತ್ತಾನೆಂಬ ನಂಬಿಕೆ ನನಗಿದೆ. ಅದು ಇಲ್ಲದವರು ಇದನ್ನು ಹವ್ಯಾಸವೆಂದುಕೊಂಡರೂ ನನಗೆ ಬೇಸರವಿಲ್ಲ. ಬೇಸರವಾಗುವುದು ಫೋಟೊದ ವಿಷಯದಲ್ಲಿ. ಹುಟ್ಟುಹಬ್ಬಕ್ಕೋ ಹಿರಿಯರ ವರ್ಷಾಂತಿಕಕ್ಕೋ ಅಕ್ಕಿ ಹಂಚಬೇಕೆಂದು ಬರುವವರಲ್ಲಿ ಕೆಲವರಿಗೆ ಪಡೆಯುವವರ ಮುಖವೂ ಚಿತ್ರದಲ್ಲಿ ಬೇಕು. ನಾವು ಒಪ್ಪುವುದಿಲ್ಲ. ಅಲ್ಲದೆ 2013ರಲ್ಲಿ ಅನ್ನಭಾಗ್ಯ, 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮೇಲೆ, ರೇಷನ್ ಕಾರ್ಡು ಸರಿಯಿರುವ ಮನೆಗೆ ಅಕ್ಕಿಯಷ್ಟು ಅನಗತ್ಯವಾದ ದಾನ ಇನ್ನೊಂದಿಲ್ಲ. ಈಗಿನ ಕೊರತೆಗಳು ಬೇರೆ: ವಯಸ್ಕರ ಡಯಾಪರ್, ಕಾಲೇಜಿನ ಬಸ್ ಪಾಸ್, ಆಧಾರ್ ಹೆಸರು ತಾಳೆಯಾಗದೆ ನಿಂತುಹೋದ ವೃದ್ಧಾಪ್ಯ ವೇತನಕ್ಕಾಗಿ ಕಚೇರಿ ಅಲೆಯಬಲ್ಲ ಒಬ್ಬ ಮನುಷ್ಯ. ಕೊನೆಯದಕ್ಕೆ ಹಣವೇ ಬೇಡ, ಬಿಡುವು ಸಾಕು, ಆದರೆ ಅದನ್ನು ಕೊಡುವ ದಾನಿಗಳು ಸಿಗುವುದು ಕಷ್ಟ.

ನೆರವು ಬೇಕಾದವರು, ಅಥವಾ ಅಂಥವರನ್ನು ಬಲ್ಲವರು, ಯಾವ ಧರ್ಮದವರಾದರೂ ಹತ್ತಿರದ ಚರ್ಚಿನ ಕಚೇರಿಯಲ್ಲಿ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಯಾರೆಂದು ಕೇಳಿದರೆ ಸಾಕು. ಎಲ್ಲ ಚರ್ಚಿನಲ್ಲೂ ಸಭೆ ಇರುವುದಿಲ್ಲ, ಇಲ್ಲದಿದ್ದರೆ ಗುರುಗಳು ಪಕ್ಕದ ಚರ್ಚಿನವರಿಗೆ ತಿಳಿಸುತ್ತಾರೆ. ಅರ್ಜಿ ಬೇಡ, ಮನೆಗೆ ಬರುವ ದಾರಿ ಹೇಳಬೇಕು, ಹಗಲಲ್ಲಿ ಯಾರು ಇರುತ್ತಾರೆಂದು ತಿಳಿಸಬೇಕು. ಮಾಡಿನ ರಿಪೇರಿಯಾದರೆ ಮಾರ್ಚಿನೊಳಗೆ ಹೇಳುವುದು ಒಳ್ಳೆಯದು. ಮೇ ಕೊನೆಗೆ ನಮ್ಮಲ್ಲಿ ಹಣವಿದ್ದರೂ ಹಂಚು ಏರಿಸುವ ಆಳುಗಳು ಸಿಗುವುದಿಲ್ಲ.